ಕಾಯಿಲೆಯ ತಲೆಕಟ್ಟು

ನಿನ್ನೆ ಸಂಜೆ ತಾನು ಅಷ್ಟು ಸಲೀಸಾಗಿ ತಲೆಯಾಡಿಸಿಬಿಟ್ಟೆನಲ್ಲ ಎಂಬುದೇ ಬೆಳಗಿನಿಂದ ಲುವೊ ಯುನ್‌ಚುವನ್ನು ಕೊರೆಯುತ್ತಿತ್ತು. ಪಕ್ಕದ ಹಾಸಿಗೆಯ ಲಾಮೇಯನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದ ಹೊತ್ತು ನೋಡಿ ಅವಳ ಸೊಸೆ ಸುಯ್‌ಪಿಂಗ್ ಹತ್ತಿರ ಬಂದಿದ್ದಳು. ಬಾಯಿಗೆ ಅಂಗೈ ಅಡ್ಡ ಹಿಡಿದು ಒಂದು ಮಾತು ಕೇಳಿಕೊಂಡಿದ್ದಳು. ಇವಳು ಅರೆಕ್ಷಣವೂ ತಡೆಯದೆ ಹೂಂ ಎಂದಿದ್ದಳು. ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ಹಿಂದುಮುಂದು ನೋಡುತ್ತಿದ್ದರೇನೋ. ಇವಳಿಗೆ ಅಭ್ಯಾಸವಿತ್ತು. ಅಭ್ಯಾಸವಿದ್ದವರು ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ ಹಾಗೆ ಆ ಮಾತನ್ನು ಇಳಿಸಿಕೊಂಡಿದ್ದಳು. ಈಗ ಮಲಗಿದಲ್ಲೇ ಮಗ್ಗುಲು ಬದಲಿಸೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಬಲಗಾಲಿಗೆ ಹಗ್ಗ ಬಿಗಿದು, ಹಗ್ಗವನ್ನು ಮಂಚದ ಕೊನೆಯ ರಾಟೆಯ ಮೇಲೆ ಹಾಯಿಸಿ, ಕಬ್ಬಿಣದ ತೂಕ ಇಳಿಬಿಟ್ಟಿದ್ದರು. ಗಂಡನ ಸಮಾಧಿ ಗುಡಿಸುವುದಕ್ಕೆಂದು ಚಿಂಗ್‌ಮಿಂಗ್ ಹಬ್ಬಕ್ಕೆ ಅವನ ಹುಟ್ಟೂರು ಆನ್‌ಚಿಂಗಿಗೆ ಬಂದವಳು, ಗುಡ್ಡದ ಒದ್ದೆ ಮಣ್ಣಿನ ಮೇಲೆ ಜಾರಿ, ತೊಡೆಯ ಮೂಳೆ ಮುರಿದುಕೊಂಡು, ಹದಿನೇಳು ದಿನದಿಂದ ಇದೇ ಚಾವಣಿಯನ್ನು ನೋಡುತ್ತ ಮಲಗಿದ್ದಳು. ಜೊತೆಗೆ ಬಂದಿದ್ದ ಮಗಳು ನಾಲ್ಕು ದಿನ ಇದ್ದು, ರಜೆ ಮುಗಿದು, ಅಳುತ್ತ ರೈಲು ಹತ್ತಿದ್ದಳು. ಕಿಟಕಿಯ ಆಚೆ ದೊಡ್ಡ ನದಿ ಇತ್ತು, ಆದರೆ ಮಲಗಿದವರಿಗೆ ಕಾಣುತ್ತಿರಲಿಲ್ಲ. ಹಡಗುಗಳ ಕೂಗು ಮಾತ್ರ ಕೇಳುತ್ತಿತ್ತು.

ಲಾಮೇ ಈ ಕೋಣೆಗೆ ಬಂದು ಹನ್ನೆರಡು ದಿನವಾಗಿತ್ತು. ಅರವತ್ತನಾಲ್ಕರ ಹೆಂಗಸು, ನದಿಯ ಮೇಲ್ದಂಡೆಯ ಯಾವುದೋ ಹಳ್ಳಿಯವಳು. ಸೊಂಟದ ನೋವೆಂದು ಬಂದಿದ್ದರೂ ಕೂತಲ್ಲಿ ಕೂರುತ್ತಿರಲಿಲ್ಲ. ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಗೋಡೆ ಹಿಡಿದುಕೊಂಡು, ಇಬ್ಬರ ಫ್ಲಾಸ್ಕಿಗೂ ಬಿಸಿನೀರು ತರುತ್ತಿದ್ದವಳು ಅವಳೇ. ಮೊದಲ ದಿನ ಇವಳನ್ನು 'ಟೀಚರ್, ನೀವು' ಎಂದಳು. ಮಾರನೆಯ ದಿನ ಇವಳ ಮಲದ ಪಾತ್ರೆಯನ್ನು ನರ್ಸಿಗೆ ಕಾಯದೆ ತಾನೇ ಎತ್ತಿಕೊಂಡು ಹೋದ ಮೇಲೆ 'ತಂಗಿ, ನೀನು' ಎಂದಳು. ಆ ಪಾತ್ರೆ ಎತ್ತಿದ ಗಳಿಗೆ ಯುನ್‌ಚು ಮುಖವನ್ನು ಗೋಡೆಗೆ ತಿರುಗಿಸಿ ಮಲಗಿದ್ದಳು. ಐವತ್ತೊಂಬತ್ತು ವರ್ಷ ಯಾರಿಗೂ ಒಂದು ಲೋಟ ನೀರಿನ ಋಣ ಉಳಿಸಿಕೊಳ್ಳದೆ ಬದುಕಿದೆನೆಂದು ಒಳಗೊಳಗೇ ಜಂಬಪಟ್ಟುಕೊಂಡಿದ್ದವಳು. ಲಾಮೇ ಪಾತ್ರೆ ತೊಳೆದು ತಂದಿಟ್ಟು, 'ನಮ್ಮನೇಲಿ ಹಂದಿ ಐತೆ, ಎಮ್ಮೆ ಐತೆ, ಮಾವ ಮೂರು ವರ್ಷ ಮಲಗಿದ್ದ. ನಿಂದೇನು ದೊಡ್ಡದಲ್ಲ ಕಣೆ,' ಎಂದಿದ್ದಳು. ಅದನ್ನು ಸಮಾಧಾನವೆಂದುಕೊಳ್ಳಬೇಕೋ ಅವಮಾನವೆಂದುಕೊಳ್ಳಬೇಕೋ ತಿಳಿಯದೆ ಯುನ್‌ಚು ದಿಂಬಿನ ಕೆಳಗಿನಿಂದ ಕರಡಚ್ಚಿನ ಹಾಳೆ ತೆಗೆದು ಓದುವವಳಂತೆ ಹಿಡಿದುಕೊಂಡಿದ್ದಳು. ಹೆಫೆಯ ನಿಘಂಟು ಕಚೇರಿಯಲ್ಲಿ ಮೂವತ್ತೊಂದು ವರ್ಷ ಅವಳು ಮಾಡಿದ ಕೆಲಸ ಅದೊಂದೇ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು, ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಮಾಡುವುದು. ನಿವೃತ್ತಿಯಾದ ಮೇಲೂ ಹಾಳೆಗಳು ಅಂಚೆಯಲ್ಲಿ ಬರುತ್ತಿದ್ದವು.

ಪಾಠ ಶುರುವಾದದ್ದು ಆ ಹಾಳೆಯಿಂದಲೇ. 'ಇದರಲ್ಲೆಲ್ಲ ಒಂದೇ ಚಪ್ಪರ ಹಾಕವ್ರಲ್ಲ ತಂಗಿ, ಒಂದರ ಕೆಳಗೆ ಒಂದು? ಆಸ್ಪತ್ರೆ ಗೋಡೆ ಮೇಲೂ ಇದೇ ಐತೆ,' ಎಂದು ಲಾಮೇ ಬೆರಳಿಟ್ಟು ಕೇಳಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಸರ್ಕಾರದವರು ಹೆಂಗಸರಿಗೆಂದು ನಡೆಸಿದ ಅಕ್ಷರದ ತರಗತಿಗೆ ಹಸುಗೂಸು ಕಟ್ಟಿಕೊಂಡು ಹನ್ನೊಂದು ದಿನ ಹೋಗಿದ್ದಳಂತೆ. ಹನ್ನೆರಡನೆಯ ದಿನ ಅತ್ತೆ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳಂತೆ. ಆ ಹನ್ನೊಂದು ದಿನದ ಗಳಿಕೆ ಇನ್ನೂ ಹಾಗೇ ಇತ್ತು, ಒಂದೊಂದು ಮಾತಿಗೆ ಒಂದೊಂದು ಅಕ್ಷರ: ಬಾಯಿ, ಕೈ, ಬೆಟ್ಟ, ಬೆಂಕಿ, ಹೊಲ, ಕುರಿ. ಚಪ್ಪರ ಎಂದದ್ದು ಕೇಳಿ ಯುನ್‌ಚುಗೆ ನಗು ಬಂದಿತ್ತು. ಮೇಲೊಂದು ಚುಕ್ಕೆ, ಕೆಳಗೆ ಅಡ್ಡಗೆರೆ, ಅದರ ಎಡತುದಿಯಿಂದ ಇಳಿಜಾರಾಗಿ ಒಂದು ಉದ್ದ ಗೆರೆ, ಆ ಗೆರೆಯ ಹೊರಗೆ ಅಂಟಿಕೊಂಡ ಹಾಗೆ ಎರಡು ಪುಟ್ಟ ಹನಿ. ನಿಘಂಟಿನಲ್ಲಿ ನೋವು, ಹುಣ್ಣು, ಗಾಯದ ಕಲೆ, ಹುಚ್ಚು, ಆಯಾಸ, ಕೃಶವಾಗುವುದು ಎಲ್ಲ ಬರುವುದು ಇದರ ಅಡಿಯಲ್ಲೇ. ಕಾಯಿಲೆಯ ತಲೆಕಟ್ಟು ಎಂದೇ ಮಕ್ಕಳಿಗೂ ಹೇಳಿಕೊಡುತ್ತಾರೆ.

'ಅದು ಚಪ್ಪರ ಅಲ್ಲ ಅಕ್ಕ, ಹಾಸಿಗೆ,' ಎಂದು ಯುನ್‌ಚು ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು ತೋರಿಸಿದ್ದಳು. ಮೂರು ಸಾವಿರ ವರ್ಷದ ಹಿಂದೆ ಆಮೆಯ ಚಿಪ್ಪಿನ ಮೇಲೆ, ಎತ್ತಿನ ಮೂಳೆಯ ಮೇಲೆ ಕೊರೆಯುತ್ತಿದ್ದವರು ಕಾಯಿಲೆ ಎಂಬುದನ್ನು ಹೇಗೆ ಬರೆಯುವುದೆಂದು ಯೋಚಿಸಿ, ಒಂದು ಮಂಚ ಬರೆದರು, ಮಂಚದ ಮೇಲೆ ಒಬ್ಬ ಮನುಷ್ಯನನ್ನು ಮಲಗಿಸಿದರು. ಕೆಲವರು ಅವನ ಸುತ್ತ ಎರಡು ಮೂರು ಚುಕ್ಕೆ ಹಾಕಿದರು, ಬೆವರು. ಬರವಣಿಗೆ ಮೇಲಿಂದ ಕೆಳಕ್ಕೆ ಕಿರಿದಾದ ಸಾಲಿನಲ್ಲಿ ಸಾಗುತ್ತಿದ್ದುದರಿಂದ ಅಷ್ಟಗಲದ ಮಂಚಕ್ಕೆ ಜಾಗವಿರಲಿಲ್ಲ. ಎತ್ತಿ ನೆಟ್ಟಗೆ ನಿಲ್ಲಿಸಿದರು. ಬರೆಯುತ್ತ ಬರೆಯುತ್ತ ಮನುಷ್ಯ ಸವೆದು ಒಂದು ಅಡ್ಡಗೆರೆಯಾದ. ಹೊರಗಿನ ಎರಡು ಹನಿ ಮಂಚದ ಕಾಲು.

'ಮಂಚ ನೆಟ್ಟಗೆ ನಿಲ್ಸಿದ್ರೆ ರೋಗಿ ಜಾರಿ ಬೀಳಲ್ವ?' ಎಂದು ಲಾಮೇ ಕೇಳಿದಳು.

'ಬಿದ್ದಿಲ್ಲ ನೋಡಿ, ಇನ್ನೂ ಹಿಡ್ಕೊಂಡೇ ಇದಾನೆ.'

ಲಾಮೇ ಬಾಯಿಗೆ ಟವೆಲು ಅಡ್ಡ ಇಟ್ಟುಕೊಂಡು ನಕ್ಕಿದ್ದಳು. ಅಂದಿನಿಂದ ದಿನಕ್ಕೆ ಎರಡೋ ಮೂರೋ. ತಲೆಕಟ್ಟಿನೊಳಗೆ ಚಳಿಗಾಲ ಕೂತರೆ ನೋವು. 'ಚಳಿಗೇ ತಾನೆ ನೋಯೋದು, ಬರೆದವನಿಗೆ ಕೀಲುನೋವು ಇದ್ದಿರಬೇಕು.' ಕುರಿ ಕೂತರೆ ತುರಿಕೆ. 'ಕುರಿ ಹಾಸಿಗೆ ಮೇಲೆ ಮಲಗಿದ್ರೆ ಇನ್ನೇನಾಯ್ತದೆ.' ಗಾಳಿ ಹೊಕ್ಕರೆ ಹುಚ್ಚು. ತಿಳಿವಳಿಕೆಯೇ ಹಾಸಿಗೆ ಹಿಡಿದರೆ ಮರುಳು. ಇದನ್ನು ಹೇಳುವಾಗ ಯುನ್‌ಚುವಿನ ನಾಲಿಗೆ ಸ್ವಲ್ಪ ತಡೆದಿತ್ತು. ಮೂರನೆಯ ಹಾಸಿಗೆಯಲ್ಲಿದ್ದ ನೂಲಿನ ಗಿರಣಿಯ ಹುಡುಗಿ ಮೊನ್ನೆ ಮಂಗಳವಾರ ಮನೆಗೆ ಹೋದಳು. ಅವಳ ಮಂಚದ ಕಾರ್ಡಿನಲ್ಲಿ ಮೂಳೆಯ ಮಜ್ಜೆಗೆ ಬಾವು ಎಂದಿತ್ತು. ಬಾವು ಎಂಬುದಕ್ಕೆ ಮಾತ್ರ ಈ ತಲೆಕಟ್ಟಿಲ್ಲ. ಬೆಂಕಿಯ ಮೇಲೆ ಬೆಂಕಿ ಬರೆದು 'ಯೆನ್' ಎಂದು ಓದುವುದು. ಹುಡುಗಿ ಬಟ್ಟೆ ಮಡಚುತ್ತಿದ್ದಾಗ ಯುನ್‌ಚು ಅದನ್ನೂ ಕಲಿಸಿದ್ದಳು. ಅಕ್ಷರ ಹಿಡಿದಾಗ ಲಾಮೇಯ ಮುಖ ಒಂದು ಥರ ಬಿಚ್ಚಿಕೊಳ್ಳುತ್ತಿತ್ತು. ಮೂವತ್ತೊಂದು ವರ್ಷ ಅಕ್ಷರಗಳ ಜೊತೆಗೇ ಇದ್ದೂ ಅಂಥ ಮುಖವನ್ನು ತಾನು ಒಮ್ಮೆಯೂ ನೋಡಿರಲಿಲ್ಲವಲ್ಲ ಎಂದು ಯುನ್‌ಚುಗೆ ಅನಿಸಿತ್ತು. ನಿಘಂಟಿನ ಕಚೇರಿಯಲ್ಲಿ ಅಕ್ಷರ ಕಂಡು ಖುಷಿಪಡುವವರು ಯಾರೂ ಇರಲಿಲ್ಲ, ತಪ್ಪು ಕಂಡು ಖುಷಿಪಡುವವರಿದ್ದರು.

ಸೊಸೆ ನಿನ್ನೆ ಕೇಳಿದ್ದು ಇಷ್ಟೇ. 'ಟೀಚರ್, ಇನ್ನು ಅತ್ತೆಗೆ ಕಲಿಸಬೇಡಿ. ನಿಮಗೆ ಗೊತ್ತಿರಬಹುದು, ಕಾರ್ಡು ನೋಡಿರ್ತೀರಿ. ಅವರಿಗೆ ವಾತ ಅಂತ ಹೇಳಿದೀವಿ. ಆ ಅಕ್ಷರ ಏನು ಅಂತ ಕೇಳಿದ್ರೆ ಬಾವು ಅಂದ್ಬಿಡಿ. ನನ್ ಗಂಡ ದೋಣಿ ಮೇಲೆ ಕೆಲಸಕ್ಕೆ ಹೋಗಿದಾನೆ, ಬರೋದು ಮುಂದಿನ ತಿಂಗಳು. ಅಷ್ಟರಲ್ಲಿ ಅವರು ಎದೆಗುಂದಿದ್ರೆ ನಾನೊಬ್ಳೇ ಏನ್ ಮಾಡ್ಲಿ?' ಅವಳ ಕೈಯಲ್ಲಿ ಮಣ್ಣು ತುಂಬಿದ ಬಿರುಕುಗಳಿದ್ದವು, ಕಣ್ಣು ಊದಿತ್ತು. ಯುನ್‌ಚು ಆ ಕಾರ್ಡನ್ನು ಲಾಮೇ ಬಂದ ದಿನವೇ ನೋಡಿದ್ದಳು. ಮಂಚದ ಕೊನೆಯ ಕಂಬಿಗೆ ತೂಗುಹಾಕಿದ ಹಳದಿ ರಟ್ಟು: ಹೆಸರು, ವಯಸ್ಸು, ಮೂಳೆಯ ಕ್ಯಾನ್ಸರ್. ಓದು ಬಲ್ಲ ರೋಗಿಯಾಗಿದ್ದರೆ ಡಾಕ್ಟರರು ಹಾಗೆ ಬರೆಯುತ್ತಿರಲಿಲ್ಲ. ಓದು ಬಲ್ಲವರಿಗೆಂದೇ ಎರಡು ಪರದೇಶಿ ಅಕ್ಷರಗಳಿದ್ದವು, ಸಿ ಮತ್ತು ಎ. ಅಷ್ಟು ಬರೆದು ಬಿಡುತ್ತಿದ್ದರು. ಲಾಮೇಗೆ ಆ ಮರೆಯೂ ಬೇಕಾಗಿರಲಿಲ್ಲ. ಅವಳ ಸಾವನ್ನು ಅವಳ ಕಾಲಬುಡದಲ್ಲೇ ತುಂಬು ಅಕ್ಷರದಲ್ಲಿ ಬರೆದು ತೂಗುಹಾಕಿದ್ದರು. ಅವಳು ಅದರ ಮುಂದೆಯೇ ದಿನಕ್ಕೆ ನಾಲ್ಕು ಸಲ ಫ್ಲಾಸ್ಕು ಹಿಡಿದು ಓಡಾಡುತ್ತಿದ್ದಳು.

ಆ ಸಿ ಮತ್ತು ಎ ಯುನ್‌ಚುಗೆ ಹೊಸದಲ್ಲ. ಒಂಬತ್ತು ವರ್ಷದ ಹಿಂದೆ ಹೆಫೆಯ ಆಸ್ಪತ್ರೆಯಲ್ಲಿ ಅವಳ ಗಂಡ ಬೈಲಿನ್ ತನ್ನ ಕಾರ್ಡನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಹೊಟ್ಟೆ ಎಂಬ ಅಕ್ಷರದ ಪಕ್ಕ ಇದೇನು ಎಂದು ಕೇಳಿದ್ದ. ಅವನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು. ಅವಳು ಮುದ್ರಣದ ತಪ್ಪು ಹಿಡಿಯುವ ವೇಗದಲ್ಲೇ ಉತ್ತರ ಹುಡುಕಿದ್ದಳು. 'ಕ್ಯಾಲ್ಸಿಯಂ. ಕಡಿಮೆಯಾಗಿದೆಯಂತೆ.' ಅವನ ವಿದ್ಯೆಯಿಂದಲೇ ಒಂದು ಚೂರು ಮುರಿದು ಅವನ ಕಣ್ಣು ಮುಚ್ಚಿದ್ದಳು. ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಸರಿ ಎಂದು ಕನ್ನಡಕ ಇಳಿಸಿದ್ದ. ಆಮೇಲೆ ಐದು ತಿಂಗಳು ಎಲುಬಿನ ಸಾರು, ಒಣ ಸೀಗಡಿ, ಸೋಯಾ ಹಾಲು. ಒಂದು ಚಮಚವೂ ಉಳಿಸದೆ, ಒಳ್ಳೆಯ ವಿದ್ಯಾರ್ಥಿಯ ಹಾಗೆ. ಆ ವರ್ಷ ಅವಳು ಮನೆಯಲ್ಲಿ ತಿದ್ದುತ್ತಿದ್ದುದು ಕಾಯಿಲೆಯ ತಲೆಕಟ್ಟಿನ ಹಾಳೆಗಳನ್ನೇ. ಅವನಿಗೆ ಮೊದಲಿನಿಂದ ಒಂದು ರೂಢಿ, ಊಟಕ್ಕೆ ಕೂರುವ ಮುಂಚೆ 'ಈಗ ಯಾವ ತಲೆಕಟ್ಟು ನಡೀತಿದೆ?' ಎಂದು ಕೇಳುವುದು. ಅವಳು ಹಾಳೆಗಳನ್ನು ಮಗುಚಿಟ್ಟು 'ಹುಲ್ಲಿನದು' ಎಂದಳು. 'ಹುಲ್ಲಿನದು ಹೋದ ವರ್ಷವೇ ಮುಗೀತಲ್ಲ?' 'ಎರಡನೇ ಸಲ ತಿದ್ದಕ್ಕೆ ಬಂದಿದೆ.' ಅವನು ತಲೆಯಾಡಿಸಿ ಸಾರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ. ಹುಲ್ಲಿನದು ಎಂಬ ಮಾತು, ಅದೊಂದು ಮಾತು, ಒಂಬತ್ತು ವರ್ಷದಿಂದ ಅವಳು ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಗುಡ್ಡದ ಮೇಲೆ ಅವನ ಕಲ್ಲಿನ ಸುತ್ತ ಬೆಳೆದ ನಿಜವಾದ ಹುಲ್ಲನ್ನು ಕೀಳುವಾಗ ಬಾಯಿಗೆ ಬಂದುಬಿಡುತ್ತಿತ್ತು. ಮೋಸಹೋಗಿಯೇ ಹೋದನೇ, ಗೊತ್ತಿದ್ದೂ ಹೋದನೇ ಎಂದು ಕೇಳಲು ಈಗ ಯಾರೂ ಇಲ್ಲ.

ಬಾಗಿಲಲ್ಲಿ ಫ್ಲಾಸ್ಕಿನ ಸದ್ದಾಯಿತು. ಲಾಮೇ ಬಂದವಳು ಇಂದು ತನ್ನ ಹಾಸಿಗೆಗೆ ನೇರ ಬರಲಿಲ್ಲ. ಯುನ್‌ಚುವಿನ ಮಂಚದ ಕೊನೆಯಲ್ಲಿ ನಿಂತು ಉಸಿರು ಸುಧಾರಿಸಿಕೊಂಡಳು, ನಿಂತವಳು ಅಲ್ಲಿ ತೂಗುತ್ತಿದ್ದ ಕಾರ್ಡನ್ನು ತಿರುಗಿಸಿಕೊಂಡಳು.

'ಮೂಳೆ ಗೊತ್ತಾಯ್ತು, ವಾರ್ಡಿನ ಬಾಗ್ಲ ಮೇಲಿನ ಬೋರ್ಡಲ್ಲಿ ಐತೆ. ಪಕ್ಕದ್ದು ಕೈ. ಕೈ ಜೊತೆ ಏನು ತಂಗಿ ಇದು?'

'ಕೊಡಲಿ.'

'ಕೈ, ಕೊಡ್ಲಿ. ಮುರೀತು ಅಂತ.' ಲಾಮೇ ಮೆಚ್ಚಿ ತಲೆದೂಗಿದಳು. ಮತ್ತೆ ಗೋಡೆ ಹಿಡಿದು ಎರಡು ಹೆಜ್ಜೆ ಹಾಕಿ ತನ್ನ ಮಂಚದ ಕೊನೆಗೆ ಬಂದಳು. ಯುನ್‌ಚುಗೆ ಕೂಗಿ ತಡೆಯಬೇಕೆನಿಸಿತು. 'ನೋಡು, ನಿಂದ್ರಲ್ಲಿ ಹಾಸಿಗೆ ಇಲ್ಲ, ನನ್ನದ್ರಲ್ಲಿ ಐತೆ. ಮಲಗಿರೋಳು ನೀನು, ಓಡಾಡೋಳು ನಾನು. ಹಾಸಿಗೆ ಮಾತ್ರ ನಂಗೆ ಬರ್ಕೊಟ್ಟವ್ರೆ.' ಅವಳು ಬೆರಳಿನಿಂದ ರಟ್ಟನ್ನು ಸವರಿದಳು. 'ಒಳಗೆ ಬಾಯಿ. ಒಂದು, ಎರಡು, ಮೂರು. ಕೆಳಗೆ ಬೆಟ್ಟ. ಬೆಟ್ಟದ ಮೇಲೆ ಮೂರು ಬಾಯಿ, ಉಣ್ಣಕ್ಕೆ ಏನಿತ್ತೋ. ಇದನ್ನ ಏನಂತ ಓದ್ತಾರೆ?'

'ಯೆನ್,' ಎಂದಳು ಯುನ್‌ಚು.

ಅದು ಪೂರ್ತಿ ಸುಳ್ಳಲ್ಲ ಎಂಬುದು ಅವಳಿಗೆ ಹೇಳುವಾಗಲೇ ಗೊತ್ತಿತ್ತು, ಅದೇ ಅದರ ಕೊಳಕು. ಅವಳ ಹರೆಯದಲ್ಲಿ ಆ ಅಕ್ಷರವನ್ನು ನಿಘಂಟು ಯೆನ್ ಎಂದೇ ಓದಿಸುತ್ತಿತ್ತು. ಹೊಟ್ಟೆಯ ಬಾವು ಎಂದರೂ ಹೊಟ್ಟೆಯ ಕ್ಯಾನ್ಸರ್ ಎಂದರೂ ಕಿವಿಗೆ ಒಂದೇ; ಕೇಳಿದವರು ರೋಗಿ ಬದುಕುವನೋ ಸಾಯುವನೋ ತಿಳಿಯದೆ ಪೇಚಾಡುತ್ತಾರೆಂದು ಆಮೇಲೆ ಉಚ್ಚಾರವನ್ನೇ ಬದಲಿಸಿದರು. ಅವಳು ಆ ಬದಲಾವಣೆಗಿಂತ ಹಿಂದಿನ ಕಾಲಕ್ಕೆ ಓಡಿಹೋಗಿ ಅಲ್ಲಿ ಅವಿತುಕೊಂಡಿದ್ದಳು. ಸೊಸೆಗೆ ಕೊಟ್ಟ ಮಾತೂ ಉಳಿಯಿತು, ನಿಘಂಟಿಗೂ ದ್ರೋಹವಾಗಲಿಲ್ಲ. ಮೂವತ್ತೊಂದು ವರ್ಷದ ವಿದ್ಯೆ ಕೊನೆಗೆ ಇಷ್ಟಕ್ಕೆ ಬಂತು.

'ಯೆನ್ ಅಂದ್ರೆ ಬಾವು ಅಲ್ವ?' ಲಾಮೇ ರಟ್ಟನ್ನು ಇನ್ನೂ ಹಿಡಿದೇ ಇದ್ದಳು. 'ಆ ಗಿರಣಿ ಹುಡುಗಿದು. ಬೆಂಕಿ ಮೇಲೆ ಬೆಂಕಿ ಅಂತ ನೀನೇ ಹೇಳ್ದಲ್ಲ. ಇದರಲ್ಲಿ ಬೆಂಕಿ ಇಲ್ವಲ್ಲ ತಂಗಿ.'

ಯುನ್‌ಚುವಿನ ಕಿವಿಯ ಹಿಂದೆ ಬಿಸಿಯಾಯಿತು. ತಪ್ಪು ಹಿಡಿಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳನ್ನು ಆರೇ ಅಕ್ಷರ ಹಿಡಿದು ಬಂದ ಹೆಂಗಸು ಹಿಡಿದಿದ್ದಳು. ಲಾಮೇ ಅವಳನ್ನು ಒಂದು ಸಲ ನೋಡಿದಳು, ನೋಡಿ ಕಣ್ಣು ತಗ್ಗಿಸಿ, ಫ್ಲಾಸ್ಕಿನ ಬಿರಡೆಯನ್ನು ಸುಮ್ಮನೆ ತಿರುಗಿಸುತ್ತ, 'ಒಂದೇ ಮಾತಿಗೆ ಎರಡು ಅಕ್ಷರ ಇರ್ತವೇನೋ. ನಂಗೇನು ಗೊತ್ತು,' ಎಂದಳು.

ಅವಳು ಜಾರಿಕೊಳ್ಳಲು ದಾರಿ ಬಿಟ್ಟಿದ್ದಳು. ಬೇಡ ಎನ್ನುವುದಾದರೆ ಬೇಡ ಎಂಬಂತೆ, ಓಣಿಯಲ್ಲಿ ಎದುರು ಬಂದವರಿಗೆ ಪಕ್ಕಕ್ಕೆ ಸರಿದು ನಿಂತ ಹಾಗೆ. ಬೈಲಿನ್ ಕನ್ನಡಕ ಇಳಿಸಿದ್ದೂ ಹೀಗೆಯೇ ಇತ್ತೆ? ಕಿಟಕಿಯ ಆಚೆ ಯಾವುದೋ ಹಡಗು ಉದ್ದಕ್ಕೆ ಕೂಗಿತು. ಕೂಗು ಮುಗಿಯುವವರೆಗೆ ಯುನ್‌ಚು ಕಾದಳು. ಅಂದು ಅವನು ಕನ್ನಡಕ ಇಳಿಸಿದ ಮೇಲೆ ತಾನು ಬಟ್ಟಲು ತೊಳೆಯಲು ಎದ್ದು ಹೋಗಿದ್ದೆನೆಂಬುದು ನೆನಪಾಯಿತು. ಇಂದು ಎದ್ದು ಹೋಗುವುದಕ್ಕೆ ಕಾಲಿರಲಿಲ್ಲ.

'ಇಲ್ಲ ಅಕ್ಕ. ನಾನು ತಪ್ಪು ಹೇಳಿದೆ,' ಎಂದಳು. 'ಈಗ ಅದನ್ನ ಯೆನ್ ಅಂತ ಓದಲ್ಲ. ಐ ಅಂತ ಓದ್ತಾರೆ.'

'ಐ,' ಎಂದಳು ಲಾಮೇ.

ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ. ಓದು ಬಾರದವರಿಗೂ ಆ ಶಬ್ದ ಬರುತ್ತಿತ್ತು. ಲಾಮೇ ರಟ್ಟನ್ನು ಮೆಲ್ಲಗೆ ಬಿಟ್ಟಳು. ಅದು ಕಂಬಿಗೆ ತಾಗಿ ಎರಡು ಸಲ ಟಕ್ಕೆಂದು ನಿಂತಿತು. ಅವಳು ಬಂದು ಹಾಸಿಗೆಯ ಅಂಚಿಗೆ ಕೂತು ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡಳು. 'ನಮ್ಮೂರಲ್ಲಿ ದೋಣಿ ಮಾಡೋ ಚಿಯು ಇದ್ದ. ಅವನಿಗೆ ಬಂದಿದ್ದು ಅದೇಯ. ಹಿಂಗೆ ಬರೀತಾರಾ ಅದನ್ನ.' ಮತ್ತೆ ರಟ್ಟಿನ ಕಡೆ ತಿರುಗಿ, 'ಬೆಟ್ಟ ಯಾಕೆ?' ಎಂದು ಕೇಳಿದಳು.

'ಬಂಡೆ ಅಂತ ಅರ್ಥ ಅಕ್ಕ. ಹಿಂದಿನ ವೈದ್ಯರು ಗಂಟು ಮುಟ್ಟಿ ನೋಡಿ, ಬಂಡೆ ಹಾಗೆ ಗಟ್ಟಿ ಇದೆ ಅಂತ.'

'ಸರಿಯಾಗೇ ಮುಟ್ಟವ್ರೆ,' ಎಂದು ಲಾಮೇ ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಅವಳು ಅಳುತ್ತಾಳೆಂದು ಯುನ್‌ಚು ಕಾಯುತ್ತಿದ್ದಳು. ಅಳುವುದನ್ನು ನೋಡಬೇಕಾದ ಶಿಕ್ಷೆಗೆ ತಯಾರಾಗಿದ್ದಳು. ಲಾಮೇಯ ಮುಖದಲ್ಲಿ ಬಂದದ್ದು ಬೇರೆ ಏನೋ. ಬಹಳ ದಿನದಿಂದ ಯಾರೋ ತನ್ನ ಮೇಲೆ ಹೊರಿಸಿದ ಆಪಾದನೆ ಸುಳ್ಳೆಂದು ತೀರ್ಮಾನವಾದವರ ಮುಖ. 'ಎರಡು ತಿಂಗಳಾಯ್ತು ತಂಗಿ, ನನ್ನ ನಾನೇ ಬೈಕೊಂತಾ ಇದ್ದೆ. ಸಸಿ ನೆಡಕ್ಕೆ ಬಗ್ಗಿದ್ರೆ ಏಳಕ್ಕಾಗ್ತಿರ್ಲಿಲ್ಲ. ವಾತ ಅಂದ್ರು. ವಾತ ಎಲ್ಲಾರ್ಗೂ ಇರ್ತದೆ, ಎಲ್ಲಾರೂ ನೆಡ್ತಾರೆ. ನಂಗೆ ಮಾತ್ರ ಆಗಲ್ಲ ಅಂದ್ರೆ ನಾನು ಮೈಗಳ್ಳಿ ಆದೆ, ಮುದುಕಿ ಆಗಿ ನಾಟಕ ಕಲಿತೆ ಅಂತ. ಸೊಸೆ ಮುಖ ನೋಡಕ್ಕೆ ನಾಚಿಕೆ ಆಗ್ತಿತ್ತು.' ಅವಳು ಉಸಿರು ಬಿಟ್ಟಳು. 'ನಾಟಕ ಅಲ್ಲ ಅಂತಾಯ್ತು.'

ಅಷ್ಟು ಹೊತ್ತಿಗೆ ನರ್ಸ್ ಬಂದು ಇಬ್ಬರ ಜ್ವರ ನೋಡಿ ಹೋದಳು. ಲಾಮೇ ನಾಲಿಗೆಯ ಕೆಳಗೆ ಗಾಜಿನ ಕಡ್ಡಿ ಇಟ್ಟುಕೊಂಡು ಕಿಟಕಿಯ ಕಡೆಗೇ ನೋಡುತ್ತಿದ್ದಳು. ನರ್ಸ್ ಹೋದ ಮೇಲೆ ಹೇಳಿದಳು: ನದಿಯಾಚೆ ದೊಂಗ್‌ಚಿಯಲ್ಲಿ ಒಬ್ಬ ತಂಗಿ ಇದ್ದಾಳೆ, ಒಡಹುಟ್ಟಿದವಳು. ಅವ್ವ ಸಾಯುವಾಗ ಯಾರ ಮನೆಯಲ್ಲಿ ಇರಬೇಕಿತ್ತು ಎಂಬುದಕ್ಕೆ ಜಗಳವಾಗಿ ಹತ್ತೊಂಬತ್ತು ವರ್ಷವಾಯಿತು, ಮಾತಿಲ್ಲ. ಅವ್ವ ಕೊನೆಗೆ ಇಬ್ಬರ ಮನೆಯಲ್ಲೂ ಸಾಯಲಿಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದೋಣಿಯಲ್ಲಿ ಸತ್ತಳು. ತಪ್ಪು ತಂಗಿಯದೆಂದು ಇವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು. 'ಅವತ್ತು ಅವ್ವನ್ನ ಕರ್ಕೊಂಡು ಹೋಗು ಅಂತ ಹೇಳಿ ಕಳ್ಸಿದ್ದು ನಾನೇ. ಅವಳಿಗೆ ಗೊತ್ತು, ನಂಗೆ ಗೊತ್ತು. ಬಾಯಿ ಬಿಟ್ಟು ಹೇಳ್ಬೇಕು. ಕಾಲಲ್ಲಿ ದೋಣಿ ಹತ್ತೋ ಅಷ್ಟು ಬಲ ಇರೋವಾಗ್ಲೇ ಹೋಗ್ಬೇಕು. ವಾತ ಅಂದ್ಕೊಂಡಿದ್ರೆ ಬರೋ ವರ್ಷ ಹೋದ್ರಾಯ್ತು ಅಂತಿದ್ದೆ.' ಅವಳು ತಿರುಗಿದಳು. 'ಸುಯ್‌ಪಿಂಗ್‌ಗೆ ಹೇಳ್ಬೇಡ, ನಂಗೆ ಗೊತ್ತಾಯ್ತು ಅಂತ.'

'ಅಕ್ಕ, ಅವಳಿಗೂ ನಾನು ಮಾತು ಕೊಟ್ಟಿದ್ದೆ. ನಿಮಗೆ ಹೇಳಲ್ಲ ಅಂತ.'

'ಕೊಟ್ಟಿದ್ಯಾ?' ಲಾಮೇ ಯೋಚಿಸಿದಳು. 'ಹಂಗಾದ್ರೆ ನಂಗೂ ಒಂದು ಕೊಡು. ಅವಳಿಗೆ ಹೇಳಲ್ಲ ಅಂತ. ಇದನ್ನಾದ್ರೂ ಉಳಿಸ್ಕೊ.'

ಹನ್ನೊಂದೂವರೆಗೆ ಸುಯ್‌ಪಿಂಗ್ ಬಂದಳು. ಉಪ್ಪು ಹಚ್ಚಿದ ಹಂದಿಮಾಂಸ ಹಾಕಿ ಬೇಯಿಸಿದ ಎಳೆ ಕಳಲೆ ತಂದಿದ್ದಳು. ಒಂದು ಬಟ್ಟಲು ಅತ್ತೆಗೆ, ಒಂದು ಬಟ್ಟಲು ಟೀಚರಿಗೆ. ಬಟ್ಟಲು ಕೊಡುವಾಗ ಅವಳ ಕಣ್ಣು ಯುನ್‌ಚುವನ್ನು ಕೇಳುತ್ತಿತ್ತು. ಯುನ್‌ಚು ಬಟ್ಟಲಿನೊಳಗೆ ನೋಡಿದಳು. ಈ ಹೆಣ್ಣಿಗೆ ತಾನು ದ್ರೋಹ ಮಾಡಿದೆ ಎಂಬುದೂ ಅಷ್ಟೇ ನಿಜವಾಗಿತ್ತು, ಕಳಲೆಯ ರುಚಿಯಿಂದ ಅದೇನೂ ಕರಗಲಿಲ್ಲ. ಅಷ್ಟರಲ್ಲಿ ಲಾಮೇ ಶುರುಮಾಡಿದಳು: 'ಈ ಹಾಳು ವಾತಕ್ಕೆ ಆಸ್ಪತ್ರೆ ಬೇರೆ ಕೇಡು. ಒಂದು ಪಟ್ಟಿ ಅಂಟಿಸ್ಕೊಂಡು ಮನೇಲಿ ಬಿದ್ದಿದ್ರೆ ಆಗ್ತಿತ್ತು. ಹಂದಿಗೆ ಯಾರು ಹಾಕ್ತಾವ್ರೆ? ನಿನ್ ಗಂಡ ಬರೋದ್ರೊಳಗೆ ನಾನು ದೊಂಗ್‌ಚಿಗೆ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ, ಅಲ್ಲಿ ವಾತಕ್ಕೆ ಒಬ್ಬ ಚೆನ್ನಾಗಿ ಬೇರು ಕೊಡ್ತಾನಂತೆ.' ಬಾಯ ತುಂಬ ಕಳಲೆ, ಗಲ್ಲದ ಮೇಲೆ ಸಾರು. ಸುಯ್‌ಪಿಂಗ್ ಬೈದಳು, ಅತ್ತೆಯ ಗಲ್ಲ ಒರೆಸಿದಳು, ಒರೆಸುತ್ತ ಒರೆಸುತ್ತ ಅವಳ ಮುಖ ಸಡಿಲವಾಯಿತು. ಇಡೀ ಬೆಳಗು ಹೊತ್ತು ತಂದದ್ದನ್ನು ಇಳಿಸಿದ ಹಾಗೆ ಸ್ಟೂಲಿನ ಮೇಲೆ ಕೂತು ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಲಾಮೇ ಅದನ್ನು ಓರೆಗಣ್ಣಿನಲ್ಲಿ ನೋಡಿ ಮತ್ತಷ್ಟು ಗೊಣಗಿದಳು.

ಯುನ್‌ಚು ಚಾಪ್‌ಸ್ಟಿಕ್ ಹಿಡಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ನೋಡುತ್ತಲೇ ಇದ್ದಳು. ಈ ನಾಟಕವನ್ನು ಅವಳು ಇದುವರೆಗೆ ಸ್ಟೂಲಿನ ಮೇಲೆ ಕೂತು ಮಾತ್ರ ಕಂಡಿದ್ದಳು, ಹಾಸಿಗೆಯ ಕಡೆಯಿಂದ ಅದು ಹೇಗೆ ಕಾಣುತ್ತದೆಂಬುದು ತಿಳಿದಿರಲಿಲ್ಲ. ಅಂದು ಸಾರಿನ ಬಟ್ಟಲು ಖಾಲಿಯಾದಾಗ ತನ್ನ ಮುಖವೂ ಹೀಗೆಯೇ ಸಡಿಲವಾಗುತ್ತಿತ್ತೇನೋ. ಅದನ್ನು ನೋಡುವುದಕ್ಕೆಂದೇ ಅವನು ಐದು ತಿಂಗಳು ಆ ಸಾರು ಕುಡಿದನೇನೋ. ಅಥವಾ ಕ್ಯಾಲ್ಸಿಯಂ ಎಂದೇ ನಂಬಿದ್ದನೇನೋ, ನಂಬಿಕೆಯಲ್ಲಿ ತುಸು ನೆಮ್ಮದಿಯಾಗಿ ಇದ್ದನೇನೋ. ಗೊತ್ತಾಗುವುದಿಲ್ಲ. ಒಂಬತ್ತು ವರ್ಷ ಅವಳು ಈ ಎರಡರಲ್ಲಿ ಒಂದನ್ನು ತಪ್ಪೆಂದು ಹೊಡೆದುಹಾಕಲು ಕೆಂಪು ಶಾಯಿ ಹಿಡಿದು ಕೂತಿದ್ದಳು. ಎರಡನ್ನೂ ಹಾಗೇ ಬಿಡಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ತುಂಡು ಬಾಯಿಗಿಟ್ಟು ಕೆಮ್ಮಿದಳು. ಕಳಲೆಯ ನಾರು ಎಂದು ಸುಯ್‌ಪಿಂಗ್ ನೀರು ಕೊಟ್ಟಳು. ನೀರು ಕುಡಿಯುತ್ತ ಯುನ್‌ಚು ಬೈಲಿನ್‌ನನ್ನು ನೆನೆದಳು, ಈ ಸಲ ಅಪರಾಧಿಯ ಹಾಗೆ ಅಲ್ಲ, ಅವನ ಕೈಯಿಂದ ಊಟ ಹಾಕಿಸಿಕೊಂಡವಳ ಹಾಗೆ.

ಆ ವರ್ಷ ಶರತ್ಕಾಲದಲ್ಲಿ ಹೆಫೆಯ ಮನೆಗೆ ಸುಯ್‌ಪಿಂಗ್‌ನ ಕಾಗದ ಬಂತು. ಅತ್ತೆ ಮೂನ್‌ಕೇಕಿನ ಹಬ್ಬ ಕಳೆದು ಆರನೆಯ ದಿನ ಹೋದರು. ದೊಂಗ್‌ಚಿಗೆ ನಾಲ್ಕು ದಿನಕ್ಕೆಂದು ಹೋದವರು ಇಪ್ಪತ್ತಮೂರು ದಿನ ಇದ್ದರು. ವಾಪಸು ಬರುವಾಗ ಆ ತಂಗಿಯೂ ಜೊತೆಗೇ ಬಂದು, ಕೊನೆಯವರೆಗೆ ಇದ್ದು, ಇಬ್ಬರೂ ದಿನವಿಡೀ ಜಗಳವಾಡಿಕೊಂಡು ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ಕೊನೆಯ ವಾರದಲ್ಲಿ ಅತ್ತೆ ನನಗೆಲ್ಲ ಹೇಳಿದರು, ಕಾರ್ಡನ್ನು ಓದಿದ್ದು, ನೀವು ಹೇಳಿದ್ದು. ಎರಡು ದಿನ ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ಅಷ್ಟು ಬರೆದು, ಮೂರನೆಯ ದಿನ ಏನಾಯಿತೆಂದು ಬರೆಯದೆ, ಒಣಗಿಸಿದ ಕಳಲೆಯ ಒಂದು ಪೊಟ್ಟಣವನ್ನು ಬೇರೆ ಕಳಿಸಿದ್ದೇನೆ ಎಂದು ಮುಗಿಸಿದ್ದಳು. ಕಾಗದದಲ್ಲಿ ನಾಲ್ಕು ತಪ್ಪಕ್ಷರಗಳಿದ್ದವು. ಯುನ್‌ಚು ಅದನ್ನು ಎರಡು ಸಲ ಓದಿದಳು, ತಪ್ಪುಗಳು ಕಂಡದ್ದು ಎರಡನೆಯ ಸಲ.

ಆದರೆ ಅದು ಆಮೇಲಿನ ಮಾತು. ಲಾಮೇ ಆಸ್ಪತ್ರೆಯಿಂದ ಹೊರಟದ್ದು ಮರುವಾರದ ಗುರುವಾರ. ಸೊಸೆ ಕೆಳಗೆ ಕಾಗದಪತ್ರ ಮುಗಿಸಲು ಹೋಗಿದ್ದಳು, ದೋಣಿಗೆ ಇನ್ನೂ ಎರಡು ಗಂಟೆಯಿತ್ತು. ಲಾಮೇ ತನ್ನ ಗಂಟು ಕಟ್ಟಿಟ್ಟು, ಹೂವಿನ ಚಿತ್ರದ ಎನಾಮಲ್ ಬೋಗುಣಿಗೆ ಫ್ಲಾಸ್ಕಿನ ನೀರು ಸುರಿದು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದಳು. 'ಇಪ್ಪತ್ತೈದು ದಿನ ಆಯ್ತಲ್ಲ ತಲೆಗೆ ನೀರು ಕಂಡು. ವಾಸನೆ ನನ್ ಹಾಸಿಗೆವರೆಗೂ ಬರ್ತದೆ,' ಎಂದಳು. ಯುನ್‌ಚು ಬೇಡ ಅಕ್ಕ, ನಿಮ್ಮ ಸೊಂಟ, ನರ್ಸ್ ಮಾಡ್ತಾಳೆ ಎಂದು ಒಂದೊಂದಾಗಿ ಹೇಳುತ್ತಿದ್ದಂತೆಯೇ ಅವಳು ದಿಂಬು ಎಳೆದು ತೆಗೆದು, ತಲೆಯನ್ನು ಮಂಚದ ಅಂಚಿಗೆ ಸರಿಸಿ, ಕತ್ತಿನ ಕೆಳಗೆ ಒಂದು ಕೈ ಕೊಟ್ಟಾಗಿತ್ತು. ಬೆಚ್ಚಗಿನ ನೀರು ನೆತ್ತಿಯಿಂದ ಕಿವಿಯ ಹಿಂದಕ್ಕೆ ಇಳಿಯಿತು. ಒರಟು ಬೆರಳುಗಳು ಕೂದಲಿನ ಬುಡ ಬುಡಕ್ಕೆ ಹೋಗಿ ಸೋಪು ತಿಕ್ಕಿದವು. ಭಾರವಾದ ತಲೆಯನ್ನು ಬೇರೊಬ್ಬರ ಅಂಗೈಯಲ್ಲಿ ಪೂರ್ತಿ ಬಿಟ್ಟುಕೊಡುವುದು ಯುನ್‌ಚುಗೆ ಮೊದಮೊದಲು ಆಗಲಿಲ್ಲ, ಕತ್ತು ಬಿಗಿಹಿಡಿದಿದ್ದಳು. ಲಾಮೇ ಕತ್ತಿನ ಹಿಂದೆ ಒಂದು ಸಲ ಮೆಲ್ಲಗೆ ತಟ್ಟಿದಳು. ಬಿಗಿ ಬಿಟ್ಟಿತು.

'ಅಕ್ಕ, ನಿಮ್ಮ ಉಪಕಾರ,' ಎಂದು ಶುರುಮಾಡಿದವಳಿಗೆ ಮುಂದಿನದು ಬರಲಿಲ್ಲ. ಕಣ್ಣಿನಿಂದ ಇಳಿದದ್ದು ಕೂದಲಿನ ನೀರಿಗೆ ಸೇರಿ ಬೋಗುಣಿಗೆ ಬೀಳುತ್ತಿತ್ತು.

'ಮಾತಾಡ್ಬೇಡ. ಬಾಯಿಗೆ ಸೋಪು ಹೋಗ್ತದೆ,' ಎಂದು ಲಾಮೇ ಇನ್ನೊಂದು ಚೊಂಬು ನೀರು ಹೊಯ್ದಳು.